ಚಾಕುವಿಗೆ ಹಲ್ಲು ಬೇಕೆ?

ನಮ್ಮ ಎರಿ ಸೀಮೆಯ ಬೆಳೆಗಳನ್ನು ಒಂದೊಂದಾಗಿ ನೆನೆದರೆ ಇಲ್ಲಿ ಚಾಕುವಿಗೆ ಕೆಲಸವೇ ಇಲ್ಲ ಅನ್ನಿಸುತ್ತದೆ. ಅಣ್ಣಿಗೇರಿ ಕಡೆ ಕಡ್ಲಿಯನ್ನು ಬೆಳಗಿನ ಇಬ್ಬನಿ ಆರುವ ಮೊದಲೇ ಬೇರು ಸಮೇತ ಕೈಯಿಂದ ಕೀಳುತ್ತಾರೆ. ಕುಂದಗೋಳದ ಮೆಣಸಿನಕಾಯಿ ಹರಿಯುವುದು ಕೈಯಿಂದ, ನವಲಗುಂದದ ಹತ್ತಿ ಬಿಡಿಸುವುದೂ ಕೈಯಿಂದಲೇ. ಕೊಯ್ಯುವುದಕ್ಕೆ ಕುಡುಗೋಲು ಇದೆ, ಕಸ ತೆಗೆಯುವುದಕ್ಕೆ ಕುರ್ಚಗಿ ಇದೆ. ಊಟಕ್ಕೆ ಕೂತರೆ ರೊಟ್ಟಿ ಮುರಿಯುತ್ತೇವೆ, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುತ್ತೇವೆ. ಆದರೂ ನಮ್ಮ ಅಜ್ಜನ ತಲೆಮಾರಿನ ಗಂಡಸರು ಮಡಚುವ ಚಾಕು ಇಲ್ಲದೆ ಊರ ಅಗಸಿ ದಾಟುತ್ತಿರಲಿಲ್ಲ.

ಅಜ್ಜನ ಚಾಕು ಎಲಿ-ಅಡಿಕಿ ಚಂಚಿಯೊಳಗೆ, ಸುಣ್ಣದ ಡಬ್ಬಿ ಮತ್ತು ಅಡಕತ್ತರಿಯ ಸಂಸಾರದಲ್ಲಿ ಮೂರನೆಯವನಾಗಿ ಇರುತ್ತಿತ್ತು. ಹಲ್ಲುಜ್ಜುವ ಜಾಲಿ ಕಡ್ಡಿ ಕೊಯ್ಯಲು ಅದೇ, ಅಂಗಾಲಿನ ಮುಳ್ಳು ತೆಗೆಯಲು ಅದೇ, ಪುಂಡಿ ನಾರಿನ ಹಗ್ಗದ ತುದಿ ಕತ್ತರಿಸಲು, ನನ್ನ ಪೆನ್ಸಿಲ್ ಜೀವಲು, ಹೊಲದಲ್ಲಿ ಸಿಕ್ಕ ಒಂದೇ ಸವತಿಕಾಯಿಯನ್ನು ಐದು ಮಂದಿಗೆ ಹಂಚಲು, ಎಲ್ಲಕ್ಕೂ ಅದೇ. ಮುಳ್ಳು ಮತ್ತು ಸವತಿಕಾಯಿಯ ನಡುವೆ ಅದನ್ನು ಧೋತರದ ಅಂಚಿಗೆ ಒಮ್ಮೆ ಒರೆಸುತ್ತಿದ್ದ. ಆರೋಗ್ಯ ಇಲಾಖೆ ಇನ್ನೂ ನಮ್ಮ ಊರಿನ ತನಕ ಬಂದಿರದ ಕಾಲ.

ಆ ಚಾಕುವಿನ ಬಾಯಿ ಯಾವ ಜಾತಿಯದು ಎಂದು ಯಾರೂ ಕೇಳಲಿಲ್ಲ. ಚಾಕುವಿಗೆ ಒಂದು ಬಾಯಿ, ಅದು ನೆಟ್ಟಗೆ ಇರುತ್ತದೆ, ಮುಗಿಯಿತು. ಹೀಗಾಗಿ ಮೊನ್ನೆ ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸು ಒಂದು ಅಂಗಡಿಯಲ್ಲಿ ಮಡಚುವ ಚಾಕು ಕೇಳಿದಾಗ, “ಹಲ್ಲಿಂದ ಕೊಡ್ಲಿ ಏನ್ ಸಾದಾ ಕೊಡ್ಲ್ರಿ, ಸರ?” ಎಂದ ಹುಡುಗನ ಎದುರು ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ಅವನು ಗಾಜಿನ ಮೇಲೆ ಮೂರು ಚಾಕು ಬಿಚ್ಚಿಟ್ಟ. ಒಂದು ನಮ್ಮ ಅಜ್ಜನ ವಂಶದ್ದು, ನೆಟ್ಟನೆಯ ಬಾಯಿ. ಇನ್ನೊಂದಕ್ಕೆ ಬುಡದಿಂದ ತುದಿಯ ತನಕ ಗರಗಸದಂಥ ಹಲ್ಲು. ಮೂರನೆಯದಕ್ಕೆ ಅರ್ಧ ಹಲ್ಲು, ಅರ್ಧ ಸಾದಾ. “ಹೊಸಾ ಫ್ಯಾಶನ್ ರೀ” ಎಂದ.

ಹೊಸತೇನಲ್ಲ. ಪಶ್ಚಿಮ ಏಷ್ಯಾದ ಜನ ಹತ್ತು ಸಾವಿರ ವರ್ಷಗಳಿಗೂ ಹಿಂದೆಯೇ ಮರ ಅಥವಾ ಎಲುಬಿನ ಹಿಡಿಯಲ್ಲಿ ಚಕಮಕಿ ಕಲ್ಲಿನ ಚೂರುಗಳನ್ನು ಸಾಲಾಗಿ ಕೂಡಿಸಿ ಕುಡುಗೋಲು ಮಾಡಿಕೊಂಡು ಕಾಡುಧಾನ್ಯ ಕೊಯ್ದವರು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ‘ನವೀನ್’ ಕುಡುಗೋಲಿಗೂ ಹಲ್ಲು ಇದೆ. ಕಿಸೆಯ ಚಾಕುವಿಗೆ ಹಲ್ಲು ಬಂದದ್ದು ಮಾತ್ರ ತಡವಾಗಿ: ಅಮೆರಿಕದ ಸ್ಪೈಡರ್ಕೊ ಕಂಪನಿ 1980ರ ದಶಕದ ಆರಂಭದಲ್ಲಿ ಕಿಸೆಗೆ ಸಿಕ್ಕಿಸುವ ಕ್ಲಿಪ್ ಇರುವ, ಹಲ್ಲಿನ ಅಲಗಿನ ಮಡಚುವ ಚಾಕು ತಂದಿತು. 1891ರಿಂದ ಸಾದಾ ಬಾಯಿಯ ಚಾಕುವನ್ನೇ ಹಿಡಿದಿದ್ದ ಸ್ವಿಟ್ಜರ್ಲೆಂಡಿನ ಸಿಪಾಯಿಗಳಿಗೂ 2008ರ ಮಾದರಿಯಲ್ಲಿ ಒಂದಿಷ್ಟು ಹಲ್ಲು ಮೂಡಿದವು. ಯುದ್ಧಕ್ಕೇ ಹೋಗದ ಸೈನ್ಯಕ್ಕೆ ಹಲ್ಲು ಯಾಕೆ ಬೇಕಾಯಿತೋ ಅವರಿಗೇ ಗೊತ್ತು.

ಹಲ್ಲಿನ ಕೆಲಸ ಸರಳ. ಎಳೆದಾಗ ಮೊದಲು ತಾಗುವುದು ಚೂಪು ತುದಿಗಳು. ಕೈಯ ಬಲವೆಲ್ಲ ಅಷ್ಟೇ ಜಾಗಕ್ಕೆ ಹೋಗಿ ಬೀಳುವುದರಿಂದ ಜಾರುವ ವಸ್ತುವೂ ಸಿಕ್ಕಿಬೀಳುತ್ತದೆ. ಹಲ್ಲುಗಳ ನಡುವಿನ ತಗ್ಗುಗಳು ಕಲ್ಲಿಗೆ, ಹಲಗೆಗೆ ತಾಗದೆ ಒಳಗೇ ಉಳಿಯುವುದರಿಂದ ಅವುಗಳ ಹರಿತ ಬಹಳ ದಿನ ಇರುತ್ತದೆ. ಸಾದಾ ಬಾಯಿ ಒತ್ತಿದರೂ ಕೊಯ್ಯುತ್ತದೆ, ಎಳೆದರೂ ಕೊಯ್ಯುತ್ತದೆ, ಮತ್ತು ಕೊಯ್ದ ಜಾಗ ನುಣ್ಣಗಿರುತ್ತದೆ. ಹಲ್ಲಿನದು ಕೊಯ್ಯುವುದಕ್ಕಿಂತ ಹರಿಯುವುದೇ ಹೆಚ್ಚು. ಅಲಗಿನ ಒಂದೇ ಬದಿಗೆ ಹಲ್ಲು ಕೊರೆದಿರುವುದರಿಂದ ನೆಟ್ಟಗೆ ಹೊರಟ ಚಾಕು ನಡುದಾರಿಯಲ್ಲಿ ಓರೆಯಾಗುವುದೂ ಉಂಟು.

ಕಲಘಟಗಿ ಕಡೆ ಮಾವಿನ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನನ್ನು ಕೇಳಿದೆ. ಕಸಿ ಕಟ್ಟುವುದರಲ್ಲಿ ಅವನ ಕೈ ಹೆಸರಾದದ್ದು. ಕಡ್ಡಿಯನ್ನು ಓರೆಯಾಗಿ ಒಂದೇ ಎಳೆತಕ್ಕೆ ಸೀಳಬೇಕು, ಎರಡೂ ಕಡ್ಡಿಗಳ ತೊಗಟೆಯ ಕೆಳಗಿನ ಹಸಿರು ಪದರ ಒಂದಕ್ಕೊಂದು ಕೂಡಬೇಕು. ಆ ಪದರ ಹರಕಾದರೆ ಕಸಿ ಹಿಡಿಯುವುದಿಲ್ಲ. “ಹಲ್ಲಿನ ಚಾಕು ತಗೊಂಡು ತ್ವಾಟದಾಗ ಕಾಲಿಡಬ್ಯಾಡ ನೋಡಪ್ಪಾ. ಗಿಡಾ ಅಂಜ್ತಾವ” ಎಂದ.

ಆದರೆ ಕಾಕಾನ ಪಕ್ಷ ಬೇರೆ. ಅವನ ಮನೆಯ ದಂದಕ್ಕಿಯಲ್ಲಿ ಒಂದು ರಾತ್ರಿ ಎತ್ತು ಕಣ್ಣಿಯನ್ನು ಕೊರಳಿಗೆ ಸುತ್ತಿಕೊಂಡು ಮಗ್ಗುಲಾಗಿ ಬಿದ್ದಿತ್ತು. ಕಣ್ಣಿ ನೈಲಾನಿನದು, ಒದ್ದೆಯಾಗಿತ್ತು, ಮೇಲಾಗಿ ಬಿಗಿದಿತ್ತು. ಅಜ್ಜನ ಕಾಲದ ಚಾಕು ಅದರ ಮೇಲೆ ಜಾರಿದ್ದೇ ಜಾರಿದ್ದು. ಕಡೆಗೆ ನೆರಮನೆಯವನ ಹಲ್ಲಿನ ಕುಡುಗೋಲು ತಂದು ಎರಡೇ ಎಳೆತಕ್ಕೆ ಹರಿದರಂತೆ. ಅಂದಿನಿಂದ ಕಾಕಾ ಹಲ್ಲಿನ ವಕೀಲ. “ನಿಮ್ಮ ಅಜ್ಜನ ಚಾಕು ಛಲೋ ಇತ್ತು, ಯಾಕಂದ್ರ ಆಗಿನ ಹಗ್ಗ ಛಲೋ ಇತ್ತು” ಎನ್ನುತ್ತಾನೆ. ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಹೊಲದ ಬದುವಿನಲ್ಲಿ ಪುಂಡಿ ಬೆಳೆದು, ಕೊಳೆ ಹಾಕಿ, ನಾರು ಸುಲಿದು, ಮಳೆಗಾಲದ ಮಧ್ಯಾಹ್ನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವರು ಹೋದರು. ಹಗ್ಗ ಈಗ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ಬರುತ್ತದೆ. ಗೊಬ್ಬರದ ಚೀಲ ಪ್ಲಾಸ್ಟಿಕ್, ಹನಿ ನೀರಾವರಿಯ ಕೊಳವೆ ಪ್ಲಾಸ್ಟಿಕ್, ಬಣವಿಯ ಮೇಲಿನ ಹೊದಿಕೆಯೂ ಪ್ಲಾಸ್ಟಿಕ್. ಕೊಯ್ಯಬೇಕಾದದ್ದೆಲ್ಲ ಬದಲಾದ ಮೇಲೆ ಚಾಕು ಮಾತ್ರ ಹಳೆಯದೇ ಇರಲಿ ಎನ್ನುವುದು ಹಟವಾದೀತು.

ಅರ್ಧ ಹಲ್ಲಿನದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡ್ಡಿ ಜೀವುವಾಗ ಬಲ ಬೇಕಾಗುವುದು ಹಿಡಿಯ ಹತ್ತಿರ, ಹಲ್ಲು ಕೂಡಿಸಿದ್ದೂ ಸರಿಯಾಗಿ ಅಲ್ಲಿಯೇ. ಎರಡೂ ಇದೆ ಎಂಬ ಸಮಾಧಾನ ಕೊಡುತ್ತದೆ, ಅಷ್ಟೇ.

ಇಷ್ಟು ವಿಚಾರ ಮಾಡುವಾಗ ಎಲ್ಲರೂ ಮರೆಯುವವನೊಬ್ಬನಿದ್ದಾನೆ, ಸಾಣಿ ಹಿಡಿಯುವವನು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಅದರ ಮೇಲೆಯೇ ಕೂತು ಪೆಡಲ್ ತುಳಿದು, ಮುಂದಿನ ಸಾಣಿಗಾಲಿಗೆ ಕುಡುಗೋಲು ಒಡ್ಡಿ ಕಿಡಿ ಹಾರಿಸುವವನು. ಈಗ ಯಾವಾಗಲೋ ಒಮ್ಮೆ ಬರುತ್ತಾನೆ. ಕಾಕಾ ತನ್ನ ಹೊಸ ಹಲ್ಲಿನ ಚಾಕು ಕೊಟ್ಟಾಗ ಅವನು ಅದನ್ನು ಬಿಸಿಲಿಗೆ ಹಿಡಿದು, ತಿರುವಿ ನೋಡಿ, “ಸಾಣಿ ಹಿಡದ್ರ ಹಲ್ಲ ಹೋಗ್ತಾವ್ರೀ ಯಜಮಾನ್ರ. ನಿಮಗ ಹಲ್ಲ ಬೇಕೋ, ಹರಿತ ಬೇಕೋ?” ಎಂದು ಕೇಳಿದ. ತಗ್ಗುಗಳನ್ನು ಒಂದೊಂದಾಗಿ ಮಸೆಯಲು ತುದಿಗೆ ಸಣ್ಣಗಾಗುವ ದುಂಡು ಕಡ್ಡಿ ಬೇಕು. ಅದು ಅವನ ಹತ್ತಿರವೂ ಇಲ್ಲ, ಕಂಬಾರರ ಕುಲುಮಿಯಲ್ಲೂ ಇಲ್ಲ.

ಅಜ್ಜ ಸಾಣಿಯವನ ದಾರಿಯನ್ನೂ ಕಾಯುತ್ತಿರಲಿಲ್ಲ. ಹಿತ್ತಲ ಬಾವಿಯ ಹತ್ತಿರದ ಮಸೆಯುವ ಕಲ್ಲಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಚಾಕುವಿನ ಎರಡೂ ಬದಿ ತಿರುಗಿಸಿ ತಿರುಗಿಸಿ ಎಳೆಯುತ್ತಿದ್ದ. ಆ ಹೊತ್ತಿನಲ್ಲಿ ಅವನು ಮಾತಾಡುತ್ತಿರಲಿಲ್ಲ, ಸಾಲ ಕೇಳಲು ಬಂದವರೂ ಕಾಯುತ್ತಿದ್ದರು. ಕಲ್ಲಿನ ನಡುವೆ ತಗ್ಗು ಬಿದ್ದಿತ್ತು, ಅಲಗು ದಬ್ಬಣದಷ್ಟು ಸಣ್ಣಗಾಗಿತ್ತು. ಹಲ್ಲಿನ ಚಾಕು ಹಾಗೆ ಸವೆಯುವುದಿಲ್ಲ. ಒಂದು ದಿನ ಮೊಂಡಾಗುತ್ತದೆ, ನಾವು ಇನ್ನೊಂದು ಕೊಳ್ಳುತ್ತೇವೆ.

ಖಂಡೆ ಪೂಜೆಯ ದಿನ ಕುಳ, ಕೊಡ್ಲಿ, ಕುಡುಗೋಲು, ಈಳಿಗಿಗಳ ಸಾಲಿನಲ್ಲಿ ಆ ಚಾಕುವಿಗೂ ಜಾಗ ಇರುತ್ತಿತ್ತು. ಅದನ್ನು ಮಡಚಿ ಇಡಬೇಕೋ ಬಿಚ್ಚಿ ಇಡಬೇಕೋ ಎಂಬ ವಾದಕ್ಕೆ ಅಜ್ಜಿ, “ಬಾಯಿ ಮುಚಗೊಂಡು ಕುಂತ ದ್ಯಾವರಿಗೆ ಎಡಿ ಹೆಂಗ ಹಿಡೀಬೇಕು?” ಎಂದು ತೀರ್ಪು ಕೊಟ್ಟಿದ್ದಳು. ಪೂಜೆಗಿಟ್ಟ ಆಯುಧ ಅವತ್ತು ಮುಟ್ಟುವಂತಿಲ್ಲ. ದಿನವಿಡೀ ಅಜ್ಜನ ಕೈ ತನ್ನಷ್ಟಕ್ಕೆ ಚಂಚಿಗೆ ಹೋಗಿ ಬರಿದೇ ವಾಪಸು ಬರುವುದನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು.

ನನ್ನ ಹೆಂಡತಿಗೆ ಕಿಸೆಯಲ್ಲಿ ಚಾಕು ಎಂದರೆ ಸಿನಿಮಾದ ಖಳನಾಯಕ, ಕೈಯಲ್ಲಿ ರಾಮಪುರಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಮಾತು ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ, ಅದರಲ್ಲೂ ಮನೆಗೆಲಸ, ಒಕ್ಕಲುತನದ ಚಾಕು-ಕುಡುಗೋಲುಗಳನ್ನು ಬಿಟ್ಟಿದ್ದಾರೆ ಎಂದು ಓದಿ ಹೇಳಿದೆ. “ಒಕ್ಕಲುತನಾ ಯಾರ್ ಮಾಡ್ತಾರ, ನೀವಾ?” ಎಂದಳು.

ಕಡೆಗೆ ಎರಡು ಕೊಂಡೆ. ಸಾದಾ ಬಾಯಿಯದು ನನ್ನ ಕಿಸೆಗೆ. ಹಲ್ಲಿನದು ಊರಿನ ದಂದಕ್ಕಿಯ ಗೂಟಕ್ಕೆ, ಎತ್ತಿನ ಆಪತ್ಕಾಲಕ್ಕೆ. ಊರಿಗೆ ಒಯ್ಯುವ ಮುಂಚೆ ಒಂದು ರಾತ್ರಿ ಅದು ಅಡಿಗಿಮನೆಯ ಕಟ್ಟೆಯ ಮೇಲೆ ಉಳಿಯಿತು. ಮಾಗಿದ ಟೊಮ್ಯಾಟೊದ ಸಿಪ್ಪೆ ಸಾದಾ ಚಾಕುವಿಗೆ ತಗ್ಗಿಹೋಗುತ್ತದೆ, ಹಲ್ಲಿಗೆ ತಕ್ಷಣ ಬಿಟ್ಟುಕೊಡುತ್ತದೆ. ಇದನ್ನು ಅವಳು ಯಾರ ಸಹಾಯವೂ ಇಲ್ಲದೆ ಮರುದಿನ ಬೆಳಗ್ಗೆ ಕಂಡುಹಿಡಿದಳು. ಆಮೇಲೆ ಚಾಕು ಊರಿಗೆ ಹೋಗಲಿಲ್ಲ. ಕೇಳಿದರೆ, “ಎತ್ತು ಕಣ್ಣಿ ಸುತಗೊಂಡ್ರ ಫೋನ್ ಮಾಡಂತ ಹೇಳ್ರಿ ಕಾಕಾಗ. ಸಾರಿಗೆ ಹೆಚ್ಚೋದು ಮುಗದಿದ್ರ ಕೊಟ್ಟು ಕಳಸ್ತೀನಿ” ಎನ್ನುತ್ತಾಳೆ.