ಬಣ್ಣ ಬಿಡುವ ಅಂಗಿ

ಅಮೆರಿಕದ ಪೂರ್ವ ತೀರದಲ್ಲಿ ಒಂದು ವರ್ಗದ ಜನರಿದ್ದಾರೆ. ಅವರ ಉಡುಪು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಹೆಚ್ಚುಕಡಿಮೆ ಒಂದೇ. ಕಾಲರಿನ ತುದಿಗೆ ಗುಂಡಿ ಹಾಕಿದ ದಪ್ಪ ಹತ್ತಿಯ ಅಂಗಿ, ಖಾಕಿ ಪ್ಯಾಂಟು, ಕಾಲುಚೀಲವಿಲ್ಲದೆ ಮೆಟ್ಟಿದ ಲೋಫರು, ಚಳಿ ಇರಲಿ ಬಿಡಲಿ ಹೆಗಲ ಮೇಲೊಂದು ಸ್ವೆಟರು, ಅದರ ಎರಡು ತೋಳಿಗೂ ಎದೆಯ ಮೇಲೆ ಒಂದು ಗಂಟು. ದುಬಾರಿ ಪ್ರೆಪರೇಟರಿ ಶಾಲೆಗಳಲ್ಲಿ ಓದಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರುವ ಹುಡುಗರ ವೇಷವಾದ್ದರಿಂದ ಇದಕ್ಕೆ ಪ್ರೆಪ್ಪಿ ಅಂತ ಹೆಸರು. 1980ರಲ್ಲಿ ಲೀಸಾ ಬರ್ನ್‌ಬಾಕ್ ಎಂಬಾಕೆ ಗೆಳೆಯರ ಜೊತೆ ಸೇರಿ ‘ದಿ ಅಫೀಷಿಯಲ್ ಪ್ರೆಪ್ಪಿ ಹ್ಯಾಂಡ್‌ಬುಕ್’ ಎಂಬ ಪುಸ್ತಕ ತಂದರು. ಈ ಜನರನ್ನು ಗೇಲಿ ಮಾಡಲು ಬರೆದದ್ದು. ಓದಿದವರು ಅದನ್ನೇ ಕೈಪಿಡಿ ಮಾಡಿಕೊಂಡು ಅಂಗಡಿಗೆ ಓಡಿದರು.

ಮೈಸೂರಿನಲ್ಲಿ ಕಾಟನ್ ಸೀರೆ ಉಟ್ಟುಕೊಂಡು ಕೂತ ನನಗೇಕೆ ಈ ಉಸಾಬರಿ ಎಂದು ಮನೆಯಲ್ಲಿ ಕೇಳುತ್ತಾರೆ. ಕೆಲವರಿಗೆ ಕ್ರಿಕೆಟ್ಟಿನ ಹುಚ್ಚು, ಕೆಲವರಿಗೆ ಷೇರಿನ ಹುಚ್ಚು; ನನಗೆ ಬಟ್ಟೆಯ ಹುಚ್ಚು. ಕೊಳ್ಳುವುದಕ್ಕಿಂತ ಮುಟ್ಟಿ ನೋಡುವ, ಹಿಂದುಮುಂದು ತಿರುಗಿಸಿ ಎಳೆ ಎಣಿಸುವ, ಎಲ್ಲಿಂದ ಬಂತು ಎಂದು ಬೆನ್ನು ಹತ್ತುವ ಹುಚ್ಚು. ಹಾಗೆ ಬೆನ್ನು ಹತ್ತಿದಾಗ ಈ ಪ್ರೆಪ್ಪಿ ಮಹಾಶಯ ತಲೆಯಿಂದ ಕಾಲಿನವರೆಗೆ ಸಾಲದ ಸರಕು ಎಂಬುದು ಗೊತ್ತಾಯಿತು. ಕಾಲರಿನ ಗುಂಡಿ ಇಂಗ್ಲೆಂಡಿನ ಪೋಲೋ ಆಟಗಾರರದ್ದು. ಕುದುರೆ ಓಡುವಾಗ ಕಾಲರು ಹಾರಿ ಮುಖಕ್ಕೆ ಬಡಿಯದಿರಲೆಂದು ಅವರು ಹಾಕಿಕೊಂಡಿದ್ದ ಗುಂಡಿಯನ್ನು ಕಂಡು, 1818ರಷ್ಟು ಹಳೆಯದಾದ ಬ್ರೂಕ್ಸ್ ಬ್ರದರ್ಸ್ ಕಂಪನಿಯವರು 1896ರಲ್ಲಿ ಊರಿನವರಿಗೆಲ್ಲ ಹೊಲಿದುಕೊಟ್ಟರು. ಲೋಫರು ನಾರ್ವೆಯ ಹಳ್ಳಿಗರದ್ದು. ಇನ್ನು ಪ್ಯಾಂಟು ಮತ್ತು ಬೇಸಿಗೆಯ ಅಂಗಿ? ಅಲ್ಲಿಗೆ ಬಂದಾಗ ನಾನು ನೆಟ್ಟಗೆ ಕೂತೆ.

ನನ್ನ ತವರು ಮಂಗಳೂರು. ಬಲ್ಮಠದ ಗುಡ್ಡದ ಮೇಲೆ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೇ ಶತಮಾನದಲ್ಲಿ ನೇಯ್ಗೆಯ ಕಾರ್ಖಾನೆ ನಡೆಸುತ್ತಿದ್ದರು. ಯುರೋಪಿನಿಂದ ಬಂದ ಜಾನ್ ಹಾಲರ್ ಎಂಬ ನೇಕಾರ 1850ರ ದಶಕದಲ್ಲಿ ಅಲ್ಲಿ ಬಣ್ಣದ ಮನೆ ಹೂಡಿ, ಮಣ್ಣಿನ ಬಣ್ಣದ ಬಟ್ಟೆ ತಯಾರಿಸಿದ. ಅದೇ ಖಾಕಿ, ಪೊಲೀಸರಿಗೂ ಆಮೇಲೆ ಸೈನ್ಯಕ್ಕೂ ಹೋಯಿತು ಎಂಬುದು ನಮ್ಮೂರಿನವರ ಹೆಮ್ಮೆ. ಪೇಶಾವರದ ಕಡೆಯವರನ್ನು ಕೇಳಿದರೆ, ಅದಕ್ಕೂ ಮೊದಲೇ ಹ್ಯಾರಿ ಲಂಸ್‌ಡೆನ್ ತನ್ನ ಗೈಡ್ಸ್ ಪಡೆಗೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ್ದ ಎಂದು ತಮ್ಮ ಪಾಲು ಕೇಳುತ್ತಾರೆ. ಈ ವ್ಯಾಜ್ಯದಲ್ಲಿ ನಾನು ಯಾರ ಕಡೆ ಎಂದು ಹೇಳಬೇಕಾಗಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಯೋಧರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರಿದಾಗ ಸೈನ್ಯದ ಖಾಕಿ ಪ್ಯಾಂಟಿನಲ್ಲೇ ತರಗತಿಗೆ ಬಂದರು. ಪಕ್ಕದ ಬೆಂಚಿನ ಶ್ರೀಮಂತ ಹುಡುಗರು ನೋಡಿ ತಾವೂ ಹಾಕಿಕೊಂಡರು. ಬಲ್ಮಠದಿಂದ ಯೇಲ್ ಇರುವ ನ್ಯೂ ಹೇವನ್ನಿಗೆ ದಾರಿ ಸುತ್ತುಬಳಸು, ಆದರೆ ಇದೆ.

ಬೇಸಿಗೆಯ ಅಂಗಿಯದು ಇನ್ನೂ ಸ್ವಾರಸ್ಯದ ಕಥೆ. ಅದರ ಹೆಸರೇ ಮದ್ರಾಸ್. ನೀಲಿ, ಕೆಂಪು, ಹಳದಿ, ಹಸಿರು ಚೌಕುಳಿಗಳು ಒಂದರ ಮೇಲೊಂದು ಹಾಯ್ದ ತೆಳು ಹತ್ತಿ ಬಟ್ಟೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ, ಅಲ್ಲಲ್ಲಿ ಗಂಟುಗಂಟಾದ ನೂಲು. ಮದ್ರಾಸಿನ ಸುತ್ತಲಿನ ಊರುಗಳಲ್ಲಿ, ಆಂಧ್ರದ ಚೀರಾಲದಲ್ಲಿ ಕೈಮಗ್ಗದ ಮೇಲೆ ನೇಯ್ದು, ಕರವಸ್ತ್ರದ ಲೆಕ್ಕದಲ್ಲಿ ಹಡಗು ಹತ್ತಿಸುತ್ತಿದ್ದರು. ಪಶ್ಚಿಮ ಆಫ್ರಿಕಾದಲ್ಲಿ, ನೈಜರ್ ನದಿಯ ಮುಖಜ ಭೂಮಿಯ ಕಲಬಾರಿ ಜನರಿಗೆ ಇದು ಇಂಜಿರಿ. ಅವರಲ್ಲಿನ ಹೆಂಗಸರು ಬ್ಲೇಡು ಹಿಡಿದು, ಬೇಕಾದ ಕಡೆ ಒಂದೊಂದೇ ಎಳೆ ಕತ್ತರಿಸಿ ತೆಗೆದು, ನಮ್ಮ ನೇಕಾರ ಕನಸಿನಲ್ಲೂ ಕಾಣದ ವಿನ್ಯಾಸ ಹುಟ್ಟಿಸುತ್ತಾರೆ. ಕೆರಿಬಿಯನ್ ದ್ವೀಪಗಳಲ್ಲಿ ಇದೇ ಬಟ್ಟೆ ಹೆಂಗಸರ ತಲೆವಸ್ತ್ರವಾಯಿತು. ಕಟ್ಟಿದ ವಸ್ತ್ರದಲ್ಲಿ ಎಷ್ಟು ಕೊಂಬು ನಿಂತಿವೆ ಎಂಬುದರ ಮೇಲೆ ಅವಳ ಮನಸ್ಸು ಖಾಲಿ ಇದೆಯೋ, ಭರ್ತಿಯಾಗಿದೆಯೋ ತಿಳಿಯುತ್ತದಂತೆ. ನಮ್ಮಲ್ಲಿ ಜಾತಕ ತರಿಸಿ ಮಾಡುವ ಕೆಲಸ.

ಅಮೆರಿಕಕ್ಕೂ ಮದ್ರಾಸಿನ ನಂಟು ಹಳೆಯದು, ಮತ್ತು ಅದು ಶುರುವಾದದ್ದು ಒಂದು ಉಡುಗೊರೆಯಿಂದ. ಎಲಿಹು ಯೇಲ್ ಎಂಬುವನು 1687ರಿಂದ 1692ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ. ಕಂಪನಿಯ ಕೆಲಸದ ಜೊತೆಗೆ ಸ್ವಂತದ ವ್ಯಾಪಾರವನ್ನೂ ಜೋರಾಗಿ ನಡೆಸಿದನೆಂದು ಅವನನ್ನು ಕೆಲಸದಿಂದ ತೆಗೆದರು. ಅವನ ಕಾಲದಲ್ಲಿ ಆ ಬಂದರಿನಿಂದ ಮನುಷ್ಯರನ್ನೂ ಗುಲಾಮರಾಗಿ ಸಾಗಿಸಿದ್ದುಂಟು. ಉಡುಗೊರೆಯ ಕಥೆ ಹೇಳುವಾಗ ಇದನ್ನು ನುಂಗಿಬಿಡಬಾರದು. ಇಂಗ್ಲೆಂಡಿಗೆ ಮರಳಿ ದೊಡ್ಡ ಶ್ರೀಮಂತನಾಗಿ ಕೂತಿದ್ದವನಿಗೆ ಅಮೆರಿಕದಿಂದ ಒಬ್ಬ ಪಾದ್ರಿ ಕಾಗದ ಬರೆದ. ಅವನ ಹೆಸರು ಕಾಟನ್ ಮೇದರ್. ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಕಾಟನ್ನೇ. ಕನೆಕ್ಟಿಕಟ್ಟಿನಲ್ಲಿ 1701ರಲ್ಲಿ ಹುಟ್ಟಿದ ಒಂದು ಬಡ ಕಾಲೇಜಿದೆ, ತಾವು ಕೈ ನೀಡಿದರೆ ತಮ್ಮ ಹೆಸರನ್ನೇ ಇಡಬಹುದು ಎಂಬ ಸೂಚನೆ. ಯೇಲ್ 417 ಪುಸ್ತಕ, ದೊರೆ ಒಂದನೇ ಜಾರ್ಜನ ಒಂದು ಪಟ, 9 ಮೂಟೆ ಸರಕು ಕಳಿಸಿದ. ಸರಕು ಮಾರಿ ಸುಮಾರು 560 ಪೌಂಡು ಬಂತು. 1718ರಲ್ಲಿ ಕಾಲೇಜಿಗೆ ಅವನ ಹೆಸರು ಬಿತ್ತು. ಹಳೆ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುತ್ತಿದ್ದ ನಮ್ಮ ಅಮ್ಮಂದಿರ ಚೌಕಾಸಿಯೂ ಇದರ ಮುಂದೆ ಏನೇನೂ ಅಲ್ಲ. ಮೂಟೆ ಬಟ್ಟೆಬರೆಗೆ ಒಂದು ವಿಶ್ವವಿದ್ಯಾಲಯ!

ಮುಂದೆ 1930ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ರಜೆ ಕಳೆಯಲು ಹೋಗುತ್ತಿದ್ದ ಅಮೆರಿಕದ ಅನುಕೂಲಸ್ಥರು ಅಲ್ಲಿಂದ ಮದ್ರಾಸ್ ಅಂಗಿ ತೊಟ್ಟುಕೊಂಡು ಬರತೊಡಗಿದರು. ಚಳಿಗಾಲದಲ್ಲಿ ಬಿಸಿಲೂರಿಗೆ ಹೋಗಿ ಬರುವಷ್ಟು ದುಡ್ಡಿದೆ ಎಂದು ಬಾಯಿ ಬಿಟ್ಟು ಹೇಳದೆ ತೋರಿಸುವ ಉಪಾಯ. ಆದರೆ ಅದು ಕಾಲೇಜು ಹುಡುಗರ ಸಮವಸ್ತ್ರದಂತೆ ಹಬ್ಬಿದ್ದಕ್ಕೆ ಹೇಳುವ ಕಥೆ 1958ರದು. ವಿಲಿಯಂ ಜೇಕಬ್ಸನ್ ಎಂಬ ಬಟ್ಟೆಯ ವ್ಯಾಪಾರಿ ಭಾರತಕ್ಕೆ ಬಂದು, ಕಣ್ಣೂರಿನ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರ ಬಳಿ ಗಜಕ್ಕೆ ಒಂದು ಡಾಲರಿನಂತೆ ಈ ಬಟ್ಟೆ ಕೊಂಡ. ಗಿಡಮೂಲಿಕೆಯ ಬಣ್ಣ, ತಣ್ಣೀರಲ್ಲಿ ಬೇರೆಯಾಗಿ ಒಗೆಯಬೇಕು ಎಂದು ನಾಯರ್ ಹೇಳಿಯೇ ಕೊಟ್ಟಿದ್ದರು. ಆ ಮಾತು ಹಡಗು ಹತ್ತಲಿಲ್ಲ. ಬಟ್ಟೆ ಬ್ರೂಕ್ಸ್ ಬ್ರದರ್ಸಿಗೆ ಹೋಯಿತು, ಅಂಗಿಯಾಯಿತು, ಮಾರಾಟವಾಯಿತು, ವಾಷಿಂಗ್ ಮೆಷಿನ್ನಿಗೆ ಬಿತ್ತು. ಆಮೇಲೆ ಏನಾಗಿರಬಹುದು ಎಂಬುದನ್ನು ಹೊಸ ಚೂಡಿದಾರದ ಜೊತೆ ಗಂಡನ ಬಿಳಿ ಬನಿಯನ್ ನೆನೆಹಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೋರ್ಟು ಕಚೇರಿಯಲ್ಲಿ ಮುಗಿಯಬೇಕಾಗಿದ್ದ ಈ ಪ್ರಸಂಗ ಪತ್ರಿಕೆಯ ಪುಟಗಳಲ್ಲಿ ಮುಗಿಯಿತು. ಹೌದು, ಬಣ್ಣ ಬಿಡುತ್ತದೆ. ಒಂದೊಂದು ಒಗೆತಕ್ಕೂ ಚೌಕುಳಿಗಳು ಒಂದರೊಳಗೊಂದು ಬೆರೆತು ಅಂಗಿ ಹೊಸ ರೂಪ ತಾಳುತ್ತದೆ. ಇದು ಭಾರತದ ಕೈಮಗ್ಗದ ಪವಾಡ ಎಂದು ಬರೆಸಿದರು. ಬ್ಲೀಡಿಂಗ್ ಮದ್ರಾಸ್ ಎಂದು ಹೆಸರಿಟ್ಟರು. ಬಣ್ಣ ಬಿಡುವುದಕ್ಕೆ ಗ್ಯಾರಂಟಿ ಎಂದೇ ಜಾಹೀರಾತು ಕೊಟ್ಟರು. ಬೈದವರೇ ಸಾಲು ನಿಂತು ಕೊಂಡರು. ನಾಯರ್ ಮುಂದೆ ಅರವತ್ತು ದಾಟಿದ ಮೇಲೆ ಹೆಂಡತಿಯ ಹೆಸರಿನಲ್ಲಿ ಹೋಟೆಲು ಕಟ್ಟಲು ಶುರು ಮಾಡಿದರು. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ಮೈಸೂರು ಅರಮನೆಯ ಚಹರೆ ಹೊತ್ತು ನಿಂತಿರುವ ಲೀಲಾ ಪ್ಯಾಲೇಸ್ ಕಂಡಾಗೆಲ್ಲ, ಅದರ ಬುನಾದಿಯಲ್ಲಿ ಒಂದಿಷ್ಟು ಬಣ್ಣದ ನೀರು ಹರಿದಿದೆ ಅನಿಸುತ್ತದೆ.

ನಮ್ಮ ಮನೆಯಲ್ಲಿ ಇಂಥ ಜಾಹೀರಾತು ನಡೆಯುತ್ತಿರಲಿಲ್ಲ. ಅಮ್ಮನಿಗೆ ಹೊಸ ಬಟ್ಟೆ ಎಂದರೆ ಮೊದಲು ವಿಚಾರಣೆ. ತುದಿಯನ್ನು ನೀರಲ್ಲಿ ಅದ್ದಿ, ಬಿಳಿ ಕರವಸ್ತ್ರಕ್ಕೆ ಒತ್ತಿ ಹಿಡಿದು, ಕಲೆ ಬಿತ್ತೇ ನೋಡಿ, ಬಿದ್ದರೆ ಒಂದು ರಾತ್ರಿ ಕಲ್ಲುಪ್ಪಿನ ನೀರಿನಲ್ಲಿ ಸೆರೆವಾಸ. ಹಾಗೆ ಪಾಸಾಗಿ ಬಂದ ಒಳ್ಳೆಯ ಸೀರೆ ನೇರ ಬೀರು ಸೇರುತ್ತಿತ್ತು, ನುಸಿಗುಳಿಗೆಯ ಜೊತೆ. ಹೊಸದು ಹೊಸದಾಗಿಯೇ ಇರಬೇಕು. ಬಾಳೆಕಾಯಿಯ ಕಲೆ ಬಿದ್ದ, ಬಣ್ಣ ಮಾಸಿದ ಸೀರೆಯಲ್ಲಿ ಮದುವೆಮನೆಗೆ ಹೋದರೆ ಅದು ಹೋದ ಮನೆಯವರಿಗೇ ಅವಮಾನ.

ಪ್ರೆಪ್ಪಿಗಳ ಲೆಕ್ಕ ಪೂರಾ ಉಲ್ಟಾ. ಹೊಸದು ಹೊಸದಾಗಿ ಕಾಣುವುದೇ ಅವರಿಗೆ ನಾಚಿಕೆ. ಕಾಲರು ಸವೆದು ನೂಲು ಎದ್ದಿರಬೇಕು, ಸ್ವೆಟರಿನ ಮೊಣಕೈಗೆ ತೇಪೆ ಬಿದ್ದಿರಬೇಕು, ಬಾಯಿ ಬಿಟ್ಟ ಲೋಫರಿಗೆ ಟೇಪು ಸುತ್ತಿದ್ದರೆ ಇನ್ನೂ ಮೇಲು. ಹಳೆ ದುಡ್ಡಿನವರು ಹೊಸ ಬಟ್ಟೆಯಿಂದ ತಮ್ಮನ್ನು ಸಾಬೀತು ಮಾಡಬೇಕಾಗಿಲ್ಲ ಎಂಬ ಜಂಭ ಅದು. ಮಾಸಿದ ಅಂಗಿ ತೊಟ್ಟು ಓಡಾಡುವ ಧೈರ್ಯ ಬರಬೇಕಾದರೆ ಬ್ಯಾಂಕಿನಲ್ಲಿ ಎಷ್ಟಿರಬೇಕೋ! ನಮ್ಮೂರಿನ ಬಡವನ ಹರಕು ಕಾಲರನ್ನು ಯಾರೂ ಶೈಲಿ ಎನ್ನುವುದಿಲ್ಲ. ಆದರೂ ಸತ್ಯ ಹೇಳಬೇಕು, ನಮ್ಮ ಮನೆಯಲ್ಲೂ ಒಬ್ಬ ಪ್ರೆಪ್ಪಿ ಇದ್ದರು. ಬ್ಯಾಂಕಿನಿಂದ ಬಂದವರೇ ಅಪ್ಪ ಪ್ಯಾಂಟು ಕಳಚಿ ಒಂದು ಚೌಕುಳಿ ಲುಂಗಿ ಸುತ್ತುತ್ತಿದ್ದರು. ಯಾವ ಚೌಕ ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯದಷ್ಟು ಬಣ್ಣ ಬೆರೆತ, ಬೆಕ್ಕಿನ ಮರಿಗಳೂ ಹುಡುಕಿಕೊಂಡು ಬಂದು ಮಲಗುವಷ್ಟು ಮೆತ್ತಗಾದ ಲುಂಗಿ. ಯುಗಾದಿಗೆ ಹೊಸದು ತಂದರೆ ಅದನ್ನು ಅತಿಥಿಗಳಿಗೆ ಎತ್ತಿಡುತ್ತಿದ್ದರು. ಅಮ್ಮ ಅವರ ಹಳೆಯ ಲುಂಗಿಯನ್ನು ನೆಲ ಒರೆಸಲು ಹಾಕಿದ ದಿನ ಮನೆಯಲ್ಲಿ ರಾತ್ರಿಯ ಊಟದವರೆಗೆ ಮಾತಿರಲಿಲ್ಲ.

ಇಷ್ಟೆಲ್ಲ ಈಗ ತಲೆಗೆ ಬಂದದ್ದಕ್ಕೆ ಅಕ್ಕನ ಮಗ ಕಾರಣ. ಅಮೆರಿಕದಲ್ಲಿ ಓದುತ್ತಿದ್ದಾನೆ. ಅಲ್ಲಿರುವವರಿಗೆ ಏನು ಕಳಿಸುವುದು ಎಂಬುದು ದೊಡ್ಡ ತಲೆನೋವು. ಚಟ್ನಿಪುಡಿ, ಹಪ್ಪಳ, ಸಾರಿನಪುಡಿ ಅಕ್ಕನ ಇಲಾಖೆ. ನಾನು ಕೈ ಹಾಕುವಂತಿಲ್ಲ. ಗಂಧದ ಆನೆಯನ್ನು ಕೊಟ್ಟರೆ ಅದು ಇನ್ನೊಬ್ಬರ ಗೃಹಪ್ರವೇಶಕ್ಕೆ ನಡೆದುಹೋಗುತ್ತದೆ. ಏನು ಬೇಕೋ ಎಂದರೆ, “ಚಿಕ್ಕಮ್ಮಾ, ಒಂದು ಮದ್ರಾಸ್ ಶರ್ಟ್. ಇಲ್ಲಿ ಕೊಳ್ಳಕ್ಕಾಗಲ್ಲ, ಆ ರೇಟಿಗೆ ನಂದು ಒಂದು ತಿಂಗಳ ದಿನಸಿ ಬರುತ್ತೆ,” ಅಂದ. ಅಳತೆಯ ಜೊತೆ ಎರಡು ಷರತ್ತು: ಕಾಲರಿಗೆ ಗುಂಡಿ, ಬೆನ್ನಿಗೆ ಒಂದು ಕುಣಿಕೆ.

ಕೈಮಗ್ಗದ ಅಂಗಡಿಯಲ್ಲಿ ಕಡುನೀಲಿ, ಸಾಸಿವೆ, ಇಟ್ಟಿಗೆ ಬಣ್ಣದ ಲುಂಗಿ ಹುಡುಕಿ ನಮ್ಮ ಟೈಲರಿನ ಮುಂದೆ ಹರಡಿದೆ. ಅವರು ಕನ್ನಡಕ ಮೇಲೇರಿಸಿ, ಬಟ್ಟೆಯನ್ನೂ ನನ್ನನ್ನೂ ನೋಡಿದರು.

“ಅಮ್ಮಾ, ಇದು ಲುಂಗಿ ಅಲ್ವಾ?”

“ಶರ್ಟಾಗಬೇಕು. ಅಮೆರಿಕಕ್ಕೆ ಹೋಗುತ್ತೆ.”

“ಅಮೆರಿಕಕ್ಕೆ ಲುಂಗಿ ಬಟ್ಟೇಲಿ ಶರ್ಟು ಹೊಲಿದೆ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ಬೆನ್ನಿನ ಕುಣಿಕೆಯ ಮಾತು ಬಂದಾಗ, ಅಂಗಿಯೋ ಕೈಚೀಲವೋ ಎಂದು ಕೇಳಿದರು. ಆಟಕ್ಕೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಗೂಟಕ್ಕೆ ನೇತುಹಾಕುವುದಕ್ಕೆ, ನ್ಯೂ ಹೇವನ್ನಿನ ಗಾಂಟ್ ಕಂಪನಿಯವರು ಯೇಲಿನ ಹುಡುಗರಿಗಾಗಿ ಇಟ್ಟದ್ದು ಎಂದು ನಾನು ಇತಿಹಾಸ ಬಿಚ್ಚುವಷ್ಟರಲ್ಲಿ ಅವರು ಸೀಮೆಸುಣ್ಣ ಕೈಗೆತ್ತಿಕೊಂಡಿದ್ದರು. ಅಲ್ಲಿಂದ ಮುಂದೆ ಬೇರೆಯೇ ಮನುಷ್ಯ. ಚೆಕ್ಸ್ ಕೂರಿಸಬೇಕಾದರೆ ಬಟ್ಟೆ ಸಾಲದು, ತುಂಬು ತೋಳಿನ ಆಸೆ ಬಿಡಿ ಎಂದರು. ಮುಂಭಾಗದ ಎರಡು ಪಾಲನ್ನೂ ಗುಂಡಿಪಟ್ಟಿಯ ಬಳಿ ಜೋಡಿಸಿ, ಅಡ್ಡಗೆರೆ ಒಂದೇ ಎಳೆಯಷ್ಟು ಜಾರಿದ್ದನ್ನು ಕಂಡು ಮತ್ತೆ ಬಿಡಿಸಿ ಹಾಸಿದರು. ಜೇಬಿನ ತುಂಡನ್ನು ಎದೆಯ ಮೇಲಿಟ್ಟು ಮೇಲೆ ಕೆಳಗೆ ಸರಿಸುತ್ತ ಸರಿಸುತ್ತ, ಗೆರೆಗೆ ಗೆರೆ ಕೂಡಿ ಜೇಬು ಕಾಣದಂತಾದಾಗ ಮಾತ್ರ ಗುಂಡುಸೂಜಿ ಚುಚ್ಚಿದರು. ಹೊಲಿಗೆ ಮುಗಿಸಿ ಕೊಡುವಾಗ, “ನಂಗೂ ಒಂದು ಲುಂಗಿ ನೋಡಿಡಿ ಅಮ್ಮಾ,” ಅಂದರು. ಉಡುವುದಕ್ಕೋ ತೊಡುವುದಕ್ಕೋ ನಾನು ಕೇಳಲಿಲ್ಲ.

ಅಂಗಿ ಅಮೆರಿಕ ಮುಟ್ಟಿತು. ಹುಡುಗ ಖುಷಿಯಿಂದ ಫೋಟೋ ಕಳಿಸಿದ. ಕೆಲವು ತಿಂಗಳ ಮೇಲೆ ಫೋನು. “ಚಿಕ್ಕಮ್ಮಾ, ಒಗೆದೂ ಒಗೆದೂ ಸಾಕಾಯ್ತು. ಇದು ಬಣ್ಣ ಬಿಡ್ತಾನೇ ಇಲ್ಲ!” ಬಿಡುವುದು ಹೇಗೆ? ಈಗಿನ ನೂಲಿಗೆ ಹಾಕುವುದು ಗಟ್ಟಿ ರಾಸಾಯನಿಕ ಬಣ್ಣ. ಬಿಸಿಲಿಗೆ ಹಾಕೋ ಅಂದೆ. ಅವನಿರುವ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಹೊರಗೆ ಒಣಗಿಸಬಾರದಂತೆ, ನೋಟಕ್ಕೆ ಕೆಟ್ಟದ್ದಂತೆ. ಈಗ ಅಂಗಿ ಅವನ ಗೆಳೆಯನ ಕೈಯಲ್ಲಿ ವಾಪಸ್ ಬರುತ್ತಿದೆ, ಒಂದು ಬೇಸಿಗೆ ನಮ್ಮ ತಾರಸಿಯ ತಂತಿಯ ಮೇಲೆ ಕಳೆಯುವುದಕ್ಕೆ. ಸಾಧ್ಯವಾದರೆ ಕಾಲರನ್ನೂ ಒಂದಿಷ್ಟು ಸವೆಸಿ ಕಳಿಸಬೇಕಂತೆ. ಬಟ್ಟೆ ಒಗೆಯುವ ನಿಂಗಮ್ಮನಿಗೆ ಆಗಲೇ ಹೇಳಿಟ್ಟಿದ್ದೇನೆ. ಗುಂಡಿ ಒಡೆಯುತ್ತೀಯ, ಕಾಲರು ಹರಿಯುತ್ತೀಯ ಎಂದು ಇಷ್ಟು ವರ್ಷ ನನ್ನಿಂದ ಬೈಸಿಕೊಂಡವಳು. ಕಲ್ಲಿನ ಕಡೆ ಒಮ್ಮೆ ನೋಡಿ, “ಅದ್ಕೇನಂತೆ, ಒಂದು ತಿಂಗ್ಳು ಸಾಕು ಬುಡಿ,” ಅಂದಳು.