ಯಾರಾದರೂ ಇದ್ದೀರಾ?

ಗ್ಯಾಸ್ ಮಾಸ್ಕಿನ ಗಾಜಿನ ಮೇಲೆ ಹಿಮ ಕೂರುತ್ತಿದೆ. ಒರೆಸಿಕೊಳ್ಳಲೆಂದೇ ಒಂದು ಗುಂಡಿಯಿದೆ. ಒತ್ತಿದರೆ ಕೈಗವಸು ಅಡ್ಡ ಹಾಯುತ್ತದೆ, ಎರಡು ಗಳಿಗೆ ಮಾಸ್ಕೋ ನಗರ ಕಾಣುತ್ತದೆ, ಮತ್ತೆ ಮಸುಕು. ಫಿಲ್ಟರ್ ಇನ್ನೆಷ್ಟು ಹೊತ್ತು ತಡೆಯುತ್ತದೆ ಎಂದು ಮಣಿಕಟ್ಟಿನ ಗಡಿಯಾರ ಹೇಳುತ್ತಿದೆ. ಅದು ಮುಗಿಯುತ್ತ ಬಂದ ಹಾಗೆ ಹೆಡ್‌ಫೋನಿನೊಳಗೆ ಉಸಿರು ಏದುಸಿರಾಗುತ್ತದೆ. ಕುರ್ಚಿಯಲ್ಲಿ ಕೂತ ನಾನೂ ಹಾಗೇ ಉಸಿರಾಡುತ್ತಿದ್ದೇನೆ.

ಇದು 2019ರಲ್ಲಿ ಬಂದ ‘ಮೆಟ್ರೋ ಎಕ್ಸೋಡಸ್’. ಅಣುಯುದ್ಧವಾಗಿ ಇಪ್ಪತ್ತು ವರ್ಷ ದಾಟಿದೆ. ಉಳಿದವರು ಮಾಸ್ಕೋದ ಸುರಂಗ ರೈಲಿನ ನಿಲ್ದಾಣಗಳಲ್ಲಿ ಬದುಕುತ್ತಿದ್ದಾರೆ. ತಮ್ಮ ಹೊರತು ಭೂಮಿಯ ಮೇಲೆ ಯಾರೂ ಉಳಿದಿಲ್ಲ ಎಂದು ಎಲ್ಲರೂ ನಂಬಿದ್ದಾರೆ, ಆರ್ತ್ಯೋಮ್ ಒಬ್ಬನನ್ನು ಬಿಟ್ಟು. ಅವನು ಬೆನ್ನಿಗೆ ರೇಡಿಯೊ ಕಟ್ಟಿಕೊಂಡು ವಿಷಗಾಳಿಯ ಊರಿಗೆ ಹತ್ತಿ ಬರುತ್ತಾನೆ, ಎತ್ತರದಲ್ಲಿ ನಿಂತು ಕಿವಿಗೊಡುತ್ತಾನೆ. ಬರೀ ಗೊರಗೊರ. ಮಾವ ಕರ್ನಲ್ ಮಿಲ್ಲರ್ ಬೈಯುತ್ತಾನೆ. ಹೆಂಡತಿ ಆನಾ ಮಾತ್ರ ಜೊತೆಗೆ ಬರುತ್ತಾಳೆ. ಆಟ ಆಡದವರು ಮುಂದಿನ ಎರಡು ಸಾಲು ಬಿಟ್ಟು ಓದಬಹುದು. ದನಿಗಳು ಹೊರಗೆ ಇದ್ದೇ ಇದ್ದವು. ಮಾಸ್ಕೋಗೆ ಅವು ಕೇಳದಂತೆ ಜ್ಯಾಮರ್‌ಗಳನ್ನು ಹಾಕಿ ಮುಚ್ಚಿಟ್ಟಿದ್ದರು. ಈ ಆಟದಲ್ಲಿ ವಿಕಾರ ಪ್ರಾಣಿಗಳು ಬೇಕಾದಷ್ಟಿವೆ. ಆದರೆ ನನ್ನ ಎದೆ ನಡುಗಿದ್ದು ದನಿಗಳನ್ನು ಮುಚ್ಚಿಟ್ಟ ಸಂಗತಿಗೆ.

ಆಮೇಲಿನದು ‘ಅರೋರಾ’ ಎಂಬ ಉಗಿಬಂಡಿಯ ಮೇಲೆ ಊರೂರು ದಾಟುವ ಕಥೆ. ವೋಲ್ಗಾ ದಂಡೆಯಲ್ಲಿ ದೈತ್ಯ ಮೀನನ್ನು ಪೂಜಿಸುತ್ತ ವಿದ್ಯುತ್ತನ್ನೇ ಪಾಪವೆನ್ನುವ ಪಂಥವೊಂದು ಸಿಗುತ್ತದೆ. ಬತ್ತಿಹೋದ ಕ್ಯಾಸ್ಪಿಯನ್ ಸಿಗುತ್ತದೆ. ನನಗೆ ಮಾತ್ರ ಒಂದು ಊರಿಗೂ ಇನ್ನೊಂದಕ್ಕೂ ನಡುವಿನ ಹೊತ್ತೇ ಹೆಚ್ಚು ಪ್ರಿಯ. ರೈಲು ಓಡುತ್ತಿರುತ್ತದೆ. ಒಬ್ಬ ಗಿಟಾರ್ ಹಿಡಿದಿರುತ್ತಾನೆ. ರೇಡಿಯೊ ಮುಂದೆ ಕೂತು ತಿರುಪು ತಿರುಗಿಸುತ್ತೇನೆ. ಏನೂ ಗೆಲ್ಲುವಂತಿಲ್ಲ, ಏನೂ ಕಳೆದುಕೊಳ್ಳುವಂತಿಲ್ಲ. ಗುಂಡು ಹಾರಿಸುವ ಆಟವೊಂದು ಇಷ್ಟು ಸಾವಧಾನದಿಂದ ನನ್ನನ್ನು ಕೂರಿಸಿ ಕೇಳಿಸುತ್ತದೆ ಎಂದು ನಾನು ಎಣಿಸಿರಲಿಲ್ಲ.

ಇದನ್ನು ಮಾಡಿದ 4ಎ ಗೇಮ್ಸ್ ಹುಟ್ಟಿದ್ದು ಉಕ್ರೇನಿನ ಕೀವ್‌ನಲ್ಲಿ, ‘ಸ್ಟಾಕರ್’ ಆಟದ ತಂಡದಿಂದ ಹೊರಬಂದವರ ಕೈಯಲ್ಲಿ. ಆ ಸ್ಟಾಕರ್‌ನ ಹೊಸ ಕಂತು ‘ಹಾರ್ಟ್ ಆಫ್ ಚೋರ್ನೋಬಿಲ್’ 2024ರ ನವೆಂಬರ್ 20ರಂದು ಹೊರಬಂತು. ಆಟ ಇನ್ನೂ ತಯಾರಾಗುತ್ತಿದ್ದಾಗಲೇ 2022ರಲ್ಲಿ ರಷ್ಯದ ಸೈನ್ಯ ನಿಜವಾದ ಚೆರ್ನೋಬಿಲ್ ಸ್ಥಾವರಕ್ಕೇ ನುಗ್ಗಿತ್ತು. ಸ್ಟಾಕರ್ ತಂಡದ ಒಂದಷ್ಟು ಜನ ಪ್ರಾಗ್‌ಗೆ ಹೋದರು, ಕೆಲವರು ಸೈನ್ಯ ಸೇರಿದರು, ಉಳಿದವರು ಕೀವ್‌ನಲ್ಲೇ ಕೆಲಸ ಮುಂದುವರಿಸಿದರು. ಪ್ರಳಯದ ನಂತರದ ಲೋಕವನ್ನು ಕಟ್ಟುತ್ತಿದ್ದವರ ತಲೆಯ ಮೇಲೆ ಸೈರನ್ ಕೂಗುತ್ತಿತ್ತು. ಇದನ್ನು ಮರೆತು ನಾನು ಈ ಆಟ ಆಡಲಾರೆ.

ಈಗ ಆ ಹೊಸ ಸ್ಟಾಕರ್‌ನೊಳಗೆ ಮೊಣಕಾಲೆತ್ತರದ ಹುಲ್ಲಿನಲ್ಲಿ ನಿಂತಿದ್ದೇನೆ. ಮುಂದಿನ ಹಾದಿ ಖಾಲಿ ಕಾಣುತ್ತದೆ, ಆದರೆ ಗಾಳಿ ಒಂದು ಕಡೆ ಸಣ್ಣಗೆ ಕದಡಿದೆ. ಜೇಬಿನಿಂದ ಕಬ್ಬಿಣದ ಬೋಲ್ಟ್ ತೆಗೆದು ಎಸೆಯುತ್ತೇನೆ. ಢಬ್! ಒಣಗಿದ ಎಲೆ, ಧೂಳು ಸುರುಳಿಯಾಗಿ ಮೇಲೆದ್ದು ಸಿಡಿಯುತ್ತವೆ. ಅಲ್ಲಿ ಕಾಲಿಟ್ಟಿದ್ದರೆ ನಾನೂ ಹಾಗೇ. ಇನ್ನೊಂದು ಬೋಲ್ಟ್ ಎಡಕ್ಕೆ. ಅದು ಹುಲ್ಲಲ್ಲಿ ಸದ್ದಿಲ್ಲದೆ ಬೀಳುತ್ತದೆ. ಆ ಕಡೆ ಹೆಜ್ಜೆ ಹಾಕುತ್ತೇನೆ. ಗೈಗರ್ ಯಂತ್ರ ಟಿಕ್ ಟಿಕ್ ಎನ್ನುತ್ತದೆ, ನಡಿಗೆಯ ವೇಗವನ್ನು ಅದೇ ನಿರ್ಧರಿಸುತ್ತದೆ. ಈ ನೆಲದಲ್ಲಿ ಕಣ್ಣು ಮೋಸ ಮಾಡುತ್ತದೆ, ಕಿವಿ ಕಾಯುತ್ತದೆ.

ಮರಗಳ ಮೇಲೆ ದುಗಾ ಎದ್ದು ನಿಲ್ಲುತ್ತದೆ. ಅಲ್ಲಿ ಬಂದೂಕು ಕೆಳಗಿಳಿಸಿ ತಲೆಯೆತ್ತಿ ನೋಡುತ್ತೇನೆ. ಸುಮಾರು 150 ಮೀಟರ್ ಎತ್ತರದ ಈ ಉಕ್ಕಿನ ಜಾಲರಿ ಚೆರ್ನೋಬಿಲ್ ಬಳಿ ಇವತ್ತಿಗೂ ಇದೆ. ಅಮೆರಿಕದ ಕ್ಷಿಪಣಿ ಹಾರಿದರೆ ದಿಗಂತದಾಚೆಯಿಂದಲೇ ಪತ್ತೆ ಮಾಡಲು ಸೋವಿಯತ್ ಸರ್ಕಾರ ಕಟ್ಟಿದ ರಾಡಾರ್ ಅದು. 1976ರಿಂದ 1989ರವರೆಗೆ ಅದರ ಸಂಕೇತ ಸೆಕೆಂಡಿಗೆ ಹತ್ತು ಬಾರಿ ಟಕಟಕ ಎಂದು ಜಗತ್ತಿನ ಶಾರ್ಟ್‌ವೇವ್ ಬ್ಯಾಂಡ್‌ಗಳ ಮೇಲೆಲ್ಲ ಬಡಿಯುತ್ತಿತ್ತು. ಕೇಳುಗರು ಅದನ್ನು ‘ರಷ್ಯನ್ ಮರಕುಟಿಗ’ ಎಂದು ಕರೆದರು.

ನನ್ನ ಇನ್ನೊಂದು ಹವ್ಯಾಸ ಶಾರ್ಟ್‌ವೇವ್ ಆಲಿಸುವುದು. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ಕಂಬದವರೆಗೆ ತಾಮ್ರದ ತಂತಿ ಎಳೆದಿದ್ದೇನೆ. ನಗರದಲ್ಲಿ ಈ ಹವ್ಯಾಸ ಸುಲಭವಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ಬ್ಯಾಂಡನ್ನು ತುಂಬುತ್ತವೆ, ಜೇನುಗೂಡಿಗೆ ಕಿವಿಯಿಟ್ಟ ಹಾಗೆ. ರಾತ್ರಿ ಬೀದಿಯ ಕರೆಂಟ್ ಹೋಯಿತೆಂದರೆ ನಾನು ರೇಡಿಯೊ ಹಿಡಿದು ಮೆಟ್ಟಿಲು ಹತ್ತುತ್ತೇನೆ. ಬೀದಿ ಕತ್ತಲಾದ ಕೂಡಲೇ ಗುಂಯ್‌ಗುಡುವಿಕೆ ಅರ್ಧಕ್ಕರ್ಧ ಇಳಿದಿರುತ್ತದೆ. 10,000 ಕಿಲೊಹರ್ಟ್ಸ್‌ನಲ್ಲಿ ಚೀನಾದ ಷಾನ್‌ಷಿ ಪ್ರಾಂತ್ಯದ ಕಾಲಸೂಚಕ ಕೇಂದ್ರ ಸೆಕೆಂಡು ಸೆಕೆಂಡಿಗೂ ಟಿಕ್ ಎನ್ನುತ್ತದೆ. ಇನ್ನಷ್ಟು ಕೆಳಗೆ, 40 ಮೀಟರ್ ಬ್ಯಾಂಡಿನಲ್ಲಿ, ಹ್ಯಾಮ್‌ಗಳು ಎಂದು ಕರೆಯುವ ಹವ್ಯಾಸಿ ರೇಡಿಯೊ ಬಳಕೆದಾರರು ಹವಾಮಾನ, ಆಂಟೆನಾ, ಮೊಮ್ಮಕ್ಕಳ ಪರೀಕ್ಷೆ ಎಲ್ಲ ಮಾತಾಡಿಕೊಳ್ಳುತ್ತಿರುತ್ತಾರೆ. ನಡುವೆ ಒಬ್ಬರು ಕರೆ ಕೊಡುತ್ತಾರೆ, ತಡೆದು ಕಾಯುತ್ತಾರೆ, ಮತ್ತೆ ಕರೆಯುತ್ತಾರೆ. ಆಗ ನನಗೆ ಆರ್ತ್ಯೋಮನ ಹಟ ಚೆನ್ನಾಗಿ ಅರ್ಥವಾಗುತ್ತದೆ.

ಹೀಗೆ ಕರೆದವರಿಗೆ ಯಾರೋ ಕಿವಿಗೊಡುವುದು ಬರೀ ಕಥೆಯ ಕಲ್ಪನೆಯೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಮತ್ತು ಅವರ ಜೊತೆಗಾರ ಹ್ಯಾಮ್‌ಗಳು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಆ ದ್ವೀಪದಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವುದಷ್ಟೇ ಅವರು ಹೋದ ಉದ್ದೇಶ. 26ರ ಬೆಳಿಗ್ಗೆ ನೆಲ ನಡುಗಿತು, ಸುನಾಮಿ ಬಂತು, ದ್ವೀಪಗಳ ಸಂಪರ್ಕ ಕಡಿಯಿತು. ಹವ್ಯಾಸಕ್ಕೆಂದು ಒಯ್ದ ರೇಡಿಯೊದಲ್ಲೇ ಅವರು ತುರ್ತು ಸಂದೇಶ ಕಳಿಸತೊಡಗಿದರು. ಬದುಕಿದ್ದೇವೆ ಎಂಬ ಸುದ್ದಿಯನ್ನು ಮುಖ್ಯ ಭೂಭಾಗದ ಮನೆಗಳಿಗೆ ದಾಟಿಸಿದರು. ಸಮುದ್ರದಾಚೆ ಆ ಗಳಿಗೆಯಲ್ಲಿ ಕಿವಿಗೊಟ್ಟು ಕೂತ ಬೇರೆ ಹವ್ಯಾಸಿಗಳು ಇದ್ದುದರಿಂದಲೇ ಅದು ಆಯಿತು.

ನಾನಿನ್ನೂ ಕೇಳುಗ ಮಾತ್ರ. ಮಾತಾಡಬೇಕೆಂದರೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. ಮೇಲಿನ ದರ್ಜೆಗೆ ಮೋರ್ಸ್ ಕೂಡ ಬರಬೇಕು. ಹಾಗಾಗಿ ಈಗ ಗೇಮ್ ಕಂಟ್ರೋಲರ್ ಪಕ್ಕದಲ್ಲೇ ಮೋರ್ಸ್ ಕೀ ಇಟ್ಟುಕೊಂಡಿದ್ದೇನೆ. ಪರವಾನಗಿ ಕೈಗೆ ಬಂದ ದಿನ ಮೊದಲ ಕರೆಯನ್ನು ಅಂಡಮಾನಿನ ಕಡೆಗೇ ಕೊಡುವುದೆಂದು ನಿಶ್ಚಯಿಸಿದ್ದೇನೆ.