ಮೋಟೆಬೆನ್ನೂರಿನಲ್ಲಿ ಸಿಕ್ಕ ಹಾಸಿಗೆ

ಮಗನಿಗೆ ಸಹ್ಯಾದ್ರಿಯ ಚಾರಣಕ್ಕೆ ಹಗುರವೂ ಬೆಚ್ಚಗೂ ಇರುವ ಸ್ಲೀಪಿಂಗ್ ಬ್ಯಾಗ್ ಬೇಕಿತ್ತು. ಅಂಗಡಿಯವನು ಬೆಲೆ ಹೇಳಿದಾಗ ನನಗೆ ಅಲ್ಲಿಯೇ ಬೆವರು!

ಆ ಚಿಂತೆಯಲ್ಲಿಯೇ ಇಬ್ಬರೂ ಮೋಟೆಬೆನ್ನೂರಿನಲ್ಲಿ ಬಸ್ಸಿಳಿದೆವು. ಮೈಲಾರ ಮಹಾದೇವರು ಹುಟ್ಟಿದ ಊರಿದು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದಾಗ ಅವರಿಗೆ 18 ವರ್ಷ. 240 ಮೈಲಿ, 24 ದಿನ. ಹಾಸಿಗೆ, ಬಟ್ಟೆ, ತಕಲಿ ಎಲ್ಲವೂ ಅವರವರ ಹೆಗಲ ಚೀಲದಲ್ಲಿಯೇ. ಮಗನ ವಯಸ್ಸೂ ಅಷ್ಟೇ. ಅವನು ಸುಮ್ಮನೆ ಕೇಳಿದ.

ಚಹದಂಗಡಿಯಲ್ಲಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬರು ನಮ್ಮ ಮಾತಿಗೆ ನಕ್ಕರು. "ಮ್ಯಾಲೆ ಹೊದಿಯೂದು ಆಮ್ಯಾಲೆ ನೋಡ್ರಿ. ಕೆಳಗ ಏನ ಹಾಸ್ತೀರಿ? ತಂಡಿ ನೆಲದಿಂದ ಏರತೈತ್ರಿ."

ದಿಟವೇ. ಎಳೆಗಳ ನಡುವಣ ಗಾಳಿಯೇ ಮೈಬಿಸಿಯನ್ನು ಕಾಯುವುದು. ಮೆತ್ತನೆಯ ಚೀಲವಾದರೆ ಮಲಗಿದವನ ಭಾರಕ್ಕೆ ಅಡಿಭಾಗ ಅಮುಕಿ ಗಾಳಿಯೇ ಉಳಿಯದು. ಒರಟು ಉಣ್ಣೆ ಅಷ್ಟು ಬೇಗ ಮಣಿಯದು. ತುಸು ನೆನೆದರೂ ಬೆಚ್ಚಗಿರುತ್ತದೆ. ಆದರೆ ಭಾರ, ಮೈಗೆ ಚುಚ್ಚುವುದೂ ಉಂಟು. ಇದನ್ನು ಮುಚ್ಚಿಡಲಾರೆ.

ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೆ ಹೋಗಿ ಕಂಬಳಿ ಕೊಂಡೆವು. ಉದ್ದಕ್ಕೆ ಮಡಿಸಿ, ಪಕ್ಕವನ್ನೂ ಕಾಲ ಕಡೆಯನ್ನೂ ಹೊಲಿದು, ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರಿ ಕೊಟ್ಟವಳು ಮನೆಯಾಕೆ. ಮಗ ಅದನ್ನು ಹೆಗಲಿಗೇರಿಸಿ ತೂಗಿ ನೋಡಿದ. ಮಾತಾಡದೆ ಚೀಲದಿಂದ ಎರಡು ಪ್ಯಾಂಟು ತೆಗೆದಿಟ್ಟ.